ಮೆಕ್ಕೆಜೋಳದ ಸಾಲು ಎಣಿಸಿದ ಹುಡುಗ

1938ರಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ವಕೀಲ ಬೀಮನ್ ಟ್ರಿಪ್ಲೆಟ್, ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ ಅವರಿಗೆ ಒಂದು ಪತ್ರ ಬರೆದರು. ಟೈಪ್ ಮಾಡಿದ 33 ಪುಟಗಳ ಪತ್ರ. ವಿಷಯ, ಅವರ ಐದು ವರ್ಷದ ಮಗ ಡೊನಾಲ್ಡ್. ಹುಡುಗ ಕರೆದರೆ ತಿರುಗಿ ನೋಡುವುದಿಲ್ಲ. ಅಪ್ಪ ಮನೆಗೆ ಬಂದದ್ದೂ ಗೊತ್ತಾಗದವನಂತೆ ಇರುತ್ತಾನೆ. ಪಾತ್ರೆ, ಮರದ ತುಂಡು, ಏನು ಸಿಕ್ಕರೂ ನೆಲದ ಮೇಲೆ ಗಿರ್ರನೆ ತಿರುಗಿಸಿ ಅದನ್ನೇ ನೋಡುತ್ತ ಕುಣಿಯುತ್ತಾನೆ. ಆದರೆ ಎರಡೂವರೆ ವರ್ಷಕ್ಕೇ ಅಮೆರಿಕದ ಅಧ್ಯಕ್ಷರ ಹೆಸರುಗಳನ್ನು ಹೇಳುತ್ತಿದ್ದ. ಅಕ್ಷರಮಾಲೆಯನ್ನು ಹಿಂದುಮುಂದಾಗಿ ಒಪ್ಪಿಸುತ್ತಿದ್ದ. 'ನಾನು' ಎನ್ನಬೇಕಾದಲ್ಲಿ 'ನೀನು' ಎನ್ನುತ್ತಿದ್ದ.

ಅದಕ್ಕೆ ಒಂದು ವರ್ಷ ಮೊದಲು, ವೈದ್ಯರ ಸಲಹೆಯಂತೆ, ತಂದೆತಾಯಿ ಅವನನ್ನು ಮನೆಯಿಂದ ದೂರದ ಒಂದು ಮಕ್ಕಳ ಸಂಸ್ಥೆಯಲ್ಲಿ ಬಿಟ್ಟಿದ್ದರು. ಅಂಥ ಮಕ್ಕಳನ್ನು ಸಂಸ್ಥೆಗೆ ಒಪ್ಪಿಸಿ ಮರೆತುಬಿಡುವುದೇ ಆ ಕಾಲದ ವಾಡಿಕೆ. ಅಲ್ಲಿ ಹುಡುಗ ಇನ್ನಷ್ಟು ಮಂಕಾದ. ಸಂಸ್ಥೆಯವರು ಬೇಡವೆಂದರೂ ಕೇಳದೆ ತಂದೆತಾಯಿ ಮಗನನ್ನು ಮರಳಿ ಕರೆತಂದರು. ಆಮೇಲೆ ಬರೆದದ್ದು ಈ ಪತ್ರ. ವೈದ್ಯಕೀಯ ಇತಿಹಾಸದಲ್ಲಿ ಆಟಿಸಂನ ಮೊದಲ ದೀರ್ಘ ವಿವರಣೆಗಳಲ್ಲಿ ಒಂದನ್ನು ಬರೆದವರು ವೈದ್ಯರಲ್ಲ, ಒಬ್ಬ ತಂದೆ ಎಂಬುದನ್ನು ನೆನಪಿಡಬೇಕು. ಏಕೆಂದರೆ ಮುಂದಿನ ಮೂರು ದಶಕಗಳ ಕಾಲ ಇದೇ ತಂದೆತಾಯಿಯರನ್ನು ಆರೋಪಿಗಳ ಕಟಕಟೆಯಲ್ಲಿ ನಿಲ್ಲಿಸಲಾಯಿತು.

1943ರಲ್ಲಿ ಕ್ಯಾನರ್ ತಮ್ಮ ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದರು. ಅದರಲ್ಲಿ 11 ಮಕ್ಕಳು, 8 ಗಂಡು, 3 ಹೆಣ್ಣು. ಮೊದಲನೆಯವನೇ ಡೊನಾಲ್ಡ್. ಈ ಮಕ್ಕಳ ಲಕ್ಷಣಗಳಿಗೆ ಅವರು ಬಳಸಿದ 'ಆಟಿಸ್ಟಿಕ್' ಪದ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್, ಸ್ಕಿಜೋಫ್ರೇನಿಯಾ ರೋಗಿಗಳು ಹೊರಜಗತ್ತನ್ನು ಬಿಟ್ಟು ಒಳಗೆ ಸರಿಯುವುದನ್ನು ಸೂಚಿಸಲು ಅದನ್ನು ಟಂಕಿಸಿದ್ದರು. ಗ್ರೀಕಿನಲ್ಲಿ 'ಆಟೋಸ್' ಎಂದರೆ ತಾನು. ಕನ್ನಡದಲ್ಲಿ ನಾವು ಮಾಡಿಕೊಂಡ 'ಸ್ವಲೀನತೆ' ಎಂಬ ಪದವೂ ಇದೇ ಅರ್ಥವನ್ನು ಹೊತ್ತು ಬಂದಿದೆ: ತನ್ನಲ್ಲೇ ಲೀನವಾದವನು, ಲೋಕ ಬೇಡವಾದವನು. ಹೊರಗಿನಿಂದ ನೋಡಿದವರು ಕೊಟ್ಟ ಹೆಸರು ಅದು. ಒಳಗಿದ್ದವರನ್ನು ಕೇಳಿ ಇಟ್ಟದ್ದಲ್ಲ.

ಇಂಥ ಮಕ್ಕಳನ್ನು ಮೊದಲು ಗುರುತಿಸಿದವರೂ ಕ್ಯಾನರ್ ಅಲ್ಲ. ಮಾಸ್ಕೋದಲ್ಲಿ ಗ್ರುನ್ಯಾ ಸುಖರೇವಾ ಎಂಬ ವೈದ್ಯೆ 1925ರಲ್ಲೇ ರಷ್ಯನ್ ಭಾಷೆಯಲ್ಲಿ, ಮರುವರ್ಷ ಜರ್ಮನ್ ಭಾಷೆಯಲ್ಲಿ, ಆರು ಹುಡುಗರ ಬಗ್ಗೆ ಬರೆದಿದ್ದರು. ಅವರ ಚಿಕಿತ್ಸಾ ಶಾಲೆಯಲ್ಲಿ ವ್ಯಾಯಾಮ, ಚಿತ್ರಕಲೆ, ಮರಗೆಲಸದ ಮೂಲಕ ಮಕ್ಕಳಿಗೆ ಕಲಿಸುತ್ತಿದ್ದರು. ಆ ಬರಹ ಇಂಗ್ಲಿಷಿಗೆ ಬಂದದ್ದು 1996ರಲ್ಲಿ, ಎಪ್ಪತ್ತು ವರ್ಷದ ಮೇಲೆ. ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ 1944ರಲ್ಲಿ ಪ್ರಕಟಿಸಿದ ಅಧ್ಯಯನದ ಕತೆ ಇನ್ನೂ ಕಗ್ಗಂಟಿನದು. ಬಹಳ ಕಾಲ ಆಸ್ಪರ್ಗರ್ ಅವರನ್ನು ನಾಜಿಗಳಿಂದ ಮಕ್ಕಳನ್ನು ಕಾಪಾಡಿದವರೆಂದು ಹೊಗಳಲಾಗುತ್ತಿತ್ತು. 2018ರಲ್ಲಿ ಇತಿಹಾಸಕಾರ ಹೆರ್ವಿಗ್ ಚೆಕ್ ದಾಖಲೆಗಳನ್ನು ತೆರೆದು ತೋರಿಸಿದ ಮೇಲೆ ಆ ಚಿತ್ರ ಒಡೆಯಿತು. ಸುಮಾರು 800 ಮಕ್ಕಳು ಸತ್ತ ಸ್ಪೀಗೆಲ್‌ಗ್ರುಂಡ್ ಎಂಬ ಸಂಸ್ಥೆಗೆ ಆಸ್ಪರ್ಗರ್ ಮಕ್ಕಳನ್ನು ಕಳಿಸಿದ್ದರು. ಅವರದೇ ಚಿಕಿತ್ಸಾಲಯದಲ್ಲಿ ಕೆಲಸ ಮಾಡಿದ್ದ ಯಹೂದಿ ವೈದ್ಯ ಗೇಯಾರ್ಗ್ ಫ್ರಾಂಕ್ಲ್ ದೇಶ ಬಿಟ್ಟು ಅಮೆರಿಕ ಸೇರಿ, ಕ್ಯಾನರ್ ಜೊತೆ ದುಡಿದು, ಡೊನಾಲ್ಡ್‌ನನ್ನೂ ಪರೀಕ್ಷಿಸಿದರು. ಮಕ್ಕಳ ಮನಸ್ಸನ್ನು ಓದುವ ವಿದ್ಯೆ, ಯಾರು ಬದುಕಲು ಯೋಗ್ಯರು ಎಂದು ತೀರ್ಪು ಕೊಡುವ ವಿದ್ಯೆಯೂ ಆಗಬಲ್ಲದು ಎಂಬುದಕ್ಕೆ ವಿಯೆನ್ನಾ ಸಾಕ್ಷಿ.

ಕ್ಯಾನರ್ ಪ್ರಬಂಧಕ್ಕೆ ಮರಳೋಣ. ಅದರ ಕೊನೆಯಲ್ಲಿ ಎರಡು ಮಾತುಗಳಿವೆ. ಒಂದು, ಈ ಮಕ್ಕಳು ಹುಟ್ಟಿನಿಂದಲೇ ಹೀಗೆ ಬಂದಿರಬೇಕು ಎಂಬುದು. ಇನ್ನೊಂದು, ಈ ತಂದೆತಾಯಿಯರಲ್ಲಿ ನಿಜವಾಗಿ ಬೆಚ್ಚನೆಯ ಹೃದಯದವರು ಕಡಿಮೆ ಎಂಬುದು. ಎರಡೂ ಒಟ್ಟಿಗೆ ನಿಲ್ಲುವ ಮಾತುಗಳಲ್ಲ. ಆದರೆ ಆ ಕಾಲದ ಗಾಳಿ ಎರಡನೆಯದರ ಕಡೆ ಬೀಸುತ್ತಿತ್ತು. ಮಗುವಿನ ಎಲ್ಲ ತೊಡಕಿಗೂ ತಾಯಿಯೇ ಕಾರಣ ಎಂದು ಮನೋವಿಶ್ಲೇಷಣೆ ಸಾರುತ್ತಿದ್ದ ದಿನಗಳವು. 1949ರ ಹೊತ್ತಿಗೆ ಕ್ಯಾನರ್ ಅವರೇ ಈ ಮಕ್ಕಳು ರೆಫ್ರಿಜರೇಟರಿನಲ್ಲಿ ಅಚ್ಚುಕಟ್ಟಾಗಿ ಇಟ್ಟಂತೆ ಬೆಳೆದವರು ಎಂಬರ್ಥದ ಹೋಲಿಕೆ ಬರೆದರು. ಅಲ್ಲಿಂದ 'ರೆಫ್ರಿಜರೇಟರ್ ತಾಯಿ' ಎಂಬ ಬೈಗುಳ ಹುಟ್ಟಿ ಬೆಳೆಯಿತು.

ಅದನ್ನು ಮನೆಮಾತಾಗಿಸಿದವರು ಷಿಕಾಗೋ ವಿಶ್ವವಿದ್ಯಾಲಯದ ಮಕ್ಕಳ ಶಾಲೆಯೊಂದನ್ನು ನಡೆಸುತ್ತಿದ್ದ ಬ್ರೂನೊ ಬೆಟೆಲ್‌ಹೈಮ್. ನಾಜಿ ಯಾತನಾ ಶಿಬಿರಗಳಿಂದ ಬದುಕಿ ಬಂದವರು. ಅಲ್ಲಿನ ಕೈದಿಗಳು ಆಸೆ ಬಿಟ್ಟು ಜಡವಾದದ್ದನ್ನು ಕಂಡಿದ್ದರು. ಆಟಿಸಂ ಇರುವ ಮಗುವಿನಲ್ಲೂ ಅವರಿಗೆ ಅದೇ ಕಂಡಿತು. ಮಗು ಕೈದಿಯಾದರೆ ಮನೆ ಶಿಬಿರ, ತಾಯಿ ಕಾವಲುಗಾರ್ತಿ! 1967ರಲ್ಲಿ ಬಂದ ಅವರ ಪುಸ್ತಕ ಬಹಳ ಜನಪ್ರಿಯವಾಯಿತು. ಮಗುವನ್ನು ತಂದೆತಾಯಿಯಿಂದ ಬೇರ್ಪಡಿಸುವುದೇ ಚಿಕಿತ್ಸೆ ಎನಿಸಿತು. ಮನೆಗೆ ಬಂದರೆ ಮಾತಾಡದ ಮಗು, ಆಸ್ಪತ್ರೆಗೆ ಹೋದರೆ ಬೈಯುವ ವೈದ್ಯರು. ಆ ಎರಡರ ನಡುವೆ ಒಂದು ತಲೆಮಾರಿನ ತಾಯಂದಿರು ತಮ್ಮನ್ನೇ ಶಪಿಸಿಕೊಂಡು ಬದುಕಿದರು.

ಇಷ್ಟು ಕ್ರೂರವಾದ ಮಾತು ಅಷ್ಟು ದಿನ ಹೇಗೆ ಉಳಿಯಿತು? ಒಂದು ಕಾರಣ ಲೆಕ್ಕದ ದೋಷ. ಕ್ಯಾನರ್ ಕಂಡ ತಂದೆತಾಯಿಯರು ವಕೀಲರು, ವೈದ್ಯರು, ಪ್ರಾಧ್ಯಾಪಕರು. ಓದಿದವರು, ಭಾವನೆಗಳನ್ನು ಬಿಗಿಹಿಡಿದು ಮಾತಾಡುವವರು. ಆದ್ದರಿಂದ ಇದು ಬುದ್ಧಿಜೀವಿಗಳ ತಣ್ಣನೆಯ ಮನೆಗಳ ಕಾಯಿಲೆ ಎಂದಾಯಿತು. ನಿಜವೇನೆಂದರೆ, ಮಿಸಿಸಿಪ್ಪಿಯಿಂದ ಬಾಲ್ಟಿಮೋರ್‌ವರೆಗೆ ಮಗುವನ್ನು ಕರೆತರಲು, 33 ಪುಟ ಬರೆದು ಒಪ್ಪಿಸಲು ಶಕ್ತಿಯಿದ್ದವರು ಮಾತ್ರ ಅವರ ಕೋಣೆಯ ತನಕ ಬಂದಿದ್ದರು. ಹೊಲದಲ್ಲಿ ದುಡಿಯುವವರ, ಕಪ್ಪುಜನರ ಇಂಥ ಮಕ್ಕಳು ಎಲ್ಲಿದ್ದರು? ಬೇರೆ ಹೆಸರು ಹೊತ್ತು ಸರಕಾರಿ ಸಂಸ್ಥೆಗಳಲ್ಲಿ, ಇಲ್ಲವೇ ಮನೆಯ ಹಿಂಬದಿಯಲ್ಲಿ. ಆಸ್ಪತ್ರೆಯ ಬಾಗಿಲಿಗೆ ಯಾರು ಬರಬಲ್ಲರು ಎಂಬುದೇ ರೋಗದ ಚಿತ್ರವನ್ನು ಬರೆಯಿತು.

ಈ ಗಂಟನ್ನು ಬಿಡಿಸಿದವರು ಹೆಚ್ಚಾಗಿ ತಂದೆತಾಯಿಯರೇ. ಅಮೆರಿಕದ ನೌಕಾಪಡೆಯಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದ ಬರ್ನಾರ್ಡ್ ರಿಮ್ಲಂಡ್ ಅವರ ಮಗನಿಗೆ ಆಟಿಸಂ ಇತ್ತು. ಸಿಕ್ಕ ಅಧ್ಯಯನಗಳನ್ನೆಲ್ಲ ಓದಿ, ಇದರ ಬೇರು ದೇಹದಲ್ಲಿದೆ, ತಾಯಿಯ ಪ್ರೀತಿಯ ಕೊರತೆಯಲ್ಲಿಲ್ಲ ಎಂದು ವಾದಿಸುವ ಪುಸ್ತಕವನ್ನು ಅವರು 1964ರಲ್ಲಿ ಬರೆದರು. ಮುನ್ನುಡಿ ಬರೆದುಕೊಟ್ಟವರು ಕ್ಯಾನರ್. 1965ರಲ್ಲಿ ಪಾಲಕರ ರಾಷ್ಟ್ರೀಯ ಸಂಘ ಹುಟ್ಟಿತು. 1969ರಲ್ಲಿ ಅದರ ಸಭೆಗೆ ಬಂದ ಕ್ಯಾನರ್, ತಾವು ಈ ತಂದೆತಾಯಿಯರನ್ನು ದೋಷಮುಕ್ತಗೊಳಿಸುತ್ತಿದ್ದೇವೆ ಎಂದು ಬಹಿರಂಗವಾಗಿ ಘೋಷಿಸಿದರು. ನ್ಯಾಯಾಲಯದ ಭಾಷೆ! ಅಪರಾಧವೇ ನಡೆಯದಿದ್ದಲ್ಲಿ ಖುಲಾಸೆ. ಆದರೂ ಅಲ್ಲಿದ್ದವರಿಗೆ ಆ ಮಾತು ಬೇಕಿತ್ತು.

ಬ್ರಿಟನ್ನಿನಲ್ಲಿ 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟರ್ 21 ಅವಳಿ ಜೋಡಿಗಳ ಅಧ್ಯಯನ ಪ್ರಕಟಿಸಿದರು. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ಅಂಡಗಳಿಂದ ಹುಟ್ಟಿದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಸಣ್ಣ ಅಧ್ಯಯನ, ಆದರೆ ದಾರಿ ತಿರುಗಿಸಿತು. ಆಮೇಲಿನ ದೊಡ್ಡ ಅಧ್ಯಯನಗಳೆಲ್ಲ ಅನುವಂಶೀಯತೆಯ ಪಾತ್ರ ದೊಡ್ಡದೆಂದೇ ಹೇಳಿವೆ. ಲಂಡನ್ನಿನ ಲೋರ್ನಾ ವಿಂಗ್ ವೈದ್ಯೆಯೂ ಹೌದು, ಆಟಿಸಂ ಇದ್ದ ಮಗಳ ತಾಯಿಯೂ ಹೌದು. ಅವರು ಜೂಡಿತ್ ಗೌಲ್ಡ್ ಜೊತೆ ಸೇರಿ ಆಸ್ಪತ್ರೆಗೆ ಬಂದವರನ್ನು ಮಾತ್ರ ನೋಡುವುದನ್ನು ಬಿಟ್ಟು, ಕ್ಯಾಂಬರ್‌ವೆಲ್ ಎಂಬ ಇಡೀ ಪ್ರದೇಶದ ಮಕ್ಕಳನ್ನು ಹುಡುಕಿಕೊಂಡು ಹೋದರು. 1979ರಲ್ಲಿ ಪ್ರಕಟವಾದ ಆ ಸಮೀಕ್ಷೆ, ಇದು ಒಂದೇ ಅಚ್ಚಿನ ಸ್ಥಿತಿಯಲ್ಲ, ಹಲವು ಬಗೆಗಳಲ್ಲಿ, ಹಲವು ಮಟ್ಟಗಳಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ತೋರಿಸಿತು. ಇಂದು ನಾವು 'ಸ್ಪೆಕ್ಟ್ರಂ' ಎನ್ನುವುದರ ಬುನಾದಿ ಅದು.

ಈ ವಾದವಿವಾದಗಳೆಲ್ಲ ನಡೆಯುತ್ತಿದ್ದಾಗ ಡೊನಾಲ್ಡ್ ಎಲ್ಲಿದ್ದ? 1942ರಲ್ಲಿ ಅವನ ತಂದೆತಾಯಿ ಅವನನ್ನು ಊರಿನಿಂದ ಸುಮಾರು 16 ಕಿಲೋಮೀಟರ್ ದೂರದ ಹೊಲವೊಂದರಲ್ಲಿ ಲೂಯಿಸ್ ಎಂಬ ರೈತ ದಂಪತಿಯ ಬಳಿ ಬಿಟ್ಟರು. 1945ರ ಮೇ ತಿಂಗಳಲ್ಲಿ ಅಲ್ಲಿಗೆ ಭೇಟಿ ಕೊಟ್ಟ ಕ್ಯಾನರ್ ಬೆರಗಾದರು. ಹುಡುಗನಿಗೆ ಅಳತೆಯ ಹುಚ್ಚು. ಲೂಯಿಸ್ ದಂಪತಿ ಅವನಿಂದ ಬಾವಿ ತೋಡಿಸಿ, ಆಳ ಎಷ್ಟಾಯಿತು ಎಂದು ವರದಿ ಕೇಳುತ್ತಿದ್ದರು. ಸತ್ತ ಹಕ್ಕಿ, ಹುಳುಗಳನ್ನು ಅವನು ಆಯ್ದು ತಂದು ಗುಡ್ಡೆ ಹಾಕುತ್ತಿದ್ದ. ಅವರು ಬೈಯಲಿಲ್ಲ, ಬಿಸಾಡಲಿಲ್ಲ. ಒಂದು ಮೂಲೆ ತೋರಿಸಿ, ಇಲ್ಲಿ ಸ್ಮಶಾನ ಮಾಡು ಎಂದರು. ಅವನು ಪ್ರತಿ ಸಮಾಧಿಗೂ ಫಲಕ ನೆಟ್ಟ. ಬಸವನಹುಳುವಿಗೂ ಒಂದು ಹೆಸರು, ಕೊನೆಯಲ್ಲಿ ಲೂಯಿಸ್ ಎಂಬ ಮನೆತನದ ಹೆಸರು. ಹುಟ್ಟಿದ ದಿನ ತಿಳಿಯದು, ಸತ್ತ ದಿನ ಎಂದರೆ ಅದು ಇವನಿಗೆ ಸಿಕ್ಕ ದಿನ. ಮೆಕ್ಕೆಜೋಳದ ಸಾಲುಗಳನ್ನು ಅವನು ಮತ್ತೆ ಮತ್ತೆ ಎಣಿಸುತ್ತಿದ್ದ. ಹಾಗಾದರೆ ಉಳುತ್ತಲೇ ಎಣಿಸು ಎಂದು ಕೈಗೆ ನೇಗಿಲು ಕೊಟ್ಟರು. ಕ್ಯಾನರ್ ನೋಡುತ್ತಿದ್ದಂತೆ ಹುಡುಗ ಆರು ಉದ್ದ ಸಾಲುಗಳನ್ನು ಉತ್ತು, ಕೊನೆಯಲ್ಲಿ ಕುದುರೆಯನ್ನು ಸಲೀಸಾಗಿ ತಿರುಗಿಸಿದ. ಹತ್ತಿರದ ಹಳ್ಳಿಶಾಲೆಗೂ ಹೋಗುತ್ತಿದ್ದ. ಅವನ ವಿಚಿತ್ರಗಳನ್ನು ಅಲ್ಲಿ ಯಾರೂ ದೊಡ್ಡದು ಮಾಡಲಿಲ್ಲ.

ಆ ರೈತ ದಂಪತಿ ಯಾವ ಪ್ರಬಂಧವನ್ನೂ ಬರೆಯಲಿಲ್ಲ. ಆದರೆ ಇಂದು ವಿಶೇಷ ಶಿಕ್ಷಣದ ತರಬೇತಿಯಲ್ಲಿ ಹೇಳಿಕೊಡುವ ಒಂದು ಮುಖ್ಯ ಪಾಠ, ಅಂದರೆ ಮಗುವಿನ ಆಸಕ್ತಿಯನ್ನು ಕಿತ್ತುಹಾಕದೆ ಅದನ್ನೇ ದಾರಿಯಾಗಿಸಿಕೊಳ್ಳುವುದು, ಅವರಿಗೆ ಹೊಲದಲ್ಲೇ ಹೊಳೆದಿತ್ತು. ತಪ್ಪು ಯಾರದು ಎಂದು ವೈದ್ಯಲೋಕ ಕೇಳುತ್ತಿದ್ದ ವರ್ಷಗಳಲ್ಲಿ ಅವರು ಬೇರೆಯೇ ಪ್ರಶ್ನೆ ಕೇಳಿದ್ದರು: ಇವನಿಗೆ ಎಣಿಸುವುದೆಂದರೆ ಇಷ್ಟ, ನಮ್ಮಲ್ಲಿ ಎಣಿಸುವಂಥದ್ದು ಏನಿದೆ?

ಪ್ರಶ್ನೆ ಬದಲಾದರೆ ಬದುಕು ಎಷ್ಟು ಬದಲಾಗುತ್ತದೆ ಎಂಬುದು 1971ರಲ್ಲಿ ಗೊತ್ತಾಯಿತು. ಅಂದಿನ 11 ಮಕ್ಕಳು ಏನಾದರೆಂದು ಕ್ಯಾನರ್ ಹುಡುಕಿ ಬರೆದರು. ಸರಕಾರಿ ಸಂಸ್ಥೆಗಳನ್ನು ಸೇರಿದವರ ಚಿತ್ರ ಕಣ್ಣೀರು ತರಿಸುವಂಥದು. ಚಿಕ್ಕಂದಿನಲ್ಲಿ ಇದ್ದ ನೆನಪಿನ ಶಕ್ತಿ, ಚುರುಕು ಎಲ್ಲ ಅಲ್ಲಿ ಕರಗಿಹೋಗಿದ್ದವು. ಅಂಥ ಕಡೆ ಸೇರಿಸುವುದು ಜೀವಾವಧಿ ಶಿಕ್ಷೆಗೆ ಸಮ ಎಂಬ ತೀರ್ಮಾನಕ್ಕೆ ಅವರು ಬಂದರು. ನಕಲು ತೆಗೆಯುವ ಯಂತ್ರಗಳ ಕೆಲಸದಲ್ಲಿದ್ದ ಫ್ರೆಡರಿಕ್ ಮತ್ತು ಡೊನಾಲ್ಡ್, ಇವರಿಬ್ಬರು ಚೆನ್ನಾಗಿ ಬಾಳುತ್ತಿದ್ದರು.

ಡೊನಾಲ್ಡ್ ಟ್ರಿಪ್ಲೆಟ್ 1958ರಲ್ಲಿ ಮಿಲ್ಸಾಪ್ಸ್ ಕಾಲೇಜಿನಿಂದ ಫ್ರೆಂಚ್ ಭಾಷೆಯಲ್ಲಿ ಪದವಿ ಪಡೆದರು. ತಾಯಿಯ ಮನೆತನದ ಪಾಲಿದ್ದ ಊರಿನ ಬ್ಯಾಂಕಿನಲ್ಲಿ ಆರು ದಶಕಕ್ಕೂ ಮೀರಿ ಕೆಲಸ ಮಾಡಿದರು. ಕಾರು ಓಡಿಸಿದರು, ಗಾಲ್ಫ್ ಆಡಿದರು, ಒಬ್ಬರೇ ಹತ್ತಾರು ದೇಶ ಸುತ್ತಿದರು. ಅವರನ್ನು ಹುಡುಕಿಕೊಂಡು ಪತ್ರಕರ್ತರಾದ ಜಾನ್ ಡಾನ್ವನ್ ಮತ್ತು ಕ್ಯಾರನ್ ಝುಕರ್ ಫಾರೆಸ್ಟ್‌ಗೆ ಹೋದಾಗ, ಊರಿನವರು ಬೇರೆ ಬೇರೆಯಾಗಿ ಒಂದೇ ಎಚ್ಚರಿಕೆ ಕೊಟ್ಟರಂತೆ: ಡಾನ್‌ಗೆ ನೋವಾಗುವಂಥದ್ದೇನಾದರೂ ಮಾಡಿದರೆ ನಿಮ್ಮನ್ನು ಹುಡುಕುವುದು ನಮಗೆ ಗೊತ್ತು! 2023ರ ಜೂನ್‌ನಲ್ಲಿ, 89ನೇ ವಯಸ್ಸಿನಲ್ಲಿ, ಡೊನಾಲ್ಡ್ ತೀರಿಕೊಂಡರು. ಕೊನೆಯವರೆಗೂ ಅವರು 'ಗುಣ'ವಾಗಲಿಲ್ಲ. ಮಾತು ಚುಟುಕು, ದಿನಚರಿ ಕರಾರುವಾಕ್ಕು, ಅಂಕಿಗಳ ಪ್ರೀತಿ ಹಾಗೆಯೇ ಇತ್ತು. ಊರು ಮಾತ್ರ ಅವರಿಗೆ ಹೊಂದಿಕೊಂಡಿತ್ತು.

ಇದನ್ನು ಸಿಹಿ ಕತೆಯಾಗಿ ಓದಿ ಮುಗಿಸುವಂತಿಲ್ಲ. ಟ್ರಿಪ್ಲೆಟ್ ಕುಟುಂಬ ಬಿಳಿಯರದ್ದು, ಅನುಕೂಲಸ್ಥರದ್ದು. ಊರಿನ ಶಾಲೆಗಳು ವರ್ಣಭೇದದಲ್ಲಿ ಎರಡಾಗಿದ್ದ ಕಾಲವದು. ಅದೇ ಮಿಸಿಸಿಪ್ಪಿಯ ಒಬ್ಬ ಕಪ್ಪು ಕೂಲಿಯ ಮಗ ಹೀಗೆ ಜೋಳದ ಸಾಲು ಎಣಿಸಿದ್ದರೆ ಅವನಿಗೆ ಬ್ಯಾಂಕಿನ ಮೇಜು ಸಿಗುತ್ತಿರಲಿಲ್ಲ. ಊರಿನ ಒಳ್ಳೆಯತನದ ಹಿಂದೆ ಹಣವಿತ್ತು, ಅಂತಸ್ತಿತ್ತು. ಒಂದು ಮನೆಯ ಅನುಕೂಲದಿಂದ ಒಬ್ಬರಿಗೆ ದಕ್ಕಿದ್ದನ್ನು ಎಲ್ಲರ ಹಕ್ಕಾಗಿ ಮಾಡುವುದು ಹೇಗೆ ಎಂಬುದು ಅದರ ನಂತರದ ಪ್ರಶ್ನೆ.

ಆ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಆಟಿಸಂ ಇರುವ ವಯಸ್ಕರೇ. 1993ರಲ್ಲಿ ಜಿಮ್ ಸಿಂಕ್ಲೇರ್ ಪಾಲಕರನ್ನು ಉದ್ದೇಶಿಸಿ ಮಾತಾಡುತ್ತ, ನೀವು ಅಳುತ್ತಿರುವುದು ನೀವು ಕನಸಿದ, ಹುಟ್ಟದೇ ಉಳಿದ ಮಗುವಿಗಾಗಿ, ಇಲ್ಲಿ ಜೀವಂತ ಇರುವ ನಮಗಾಗಿ ಅಲ್ಲ ಎಂಬ ಅರ್ಥದ ಮಾತು ಹೇಳಿದರು. ಅದೇ ದಶಕದಲ್ಲಿ ಇಂಥವರ ಅಂತರ್ಜಾಲದ ಹರಟೆಗಳಲ್ಲಿ 'ನ್ಯೂರೋಡೈವರ್ಸಿಟಿ' ಎಂಬ ಪರಿಕಲ್ಪನೆ ಮೂಡಿತು. 1998ರಲ್ಲಿ ಸಿಡ್ನಿಯ ಜೂಡಿ ಸಿಂಗರ್ ತಮ್ಮ ಪ್ರಬಂಧದಲ್ಲಿ ಅದನ್ನು ಬಳಸಿದರು. ಕನ್ನಡದಲ್ಲಿ ನರವೈವಿಧ್ಯ ಎನ್ನಬಹುದು. ಕಾಡಿನಲ್ಲಿ ಒಂದೇ ಜಾತಿಯ ಮರ ಇರುವುದಿಲ್ಲವಲ್ಲ, ಹಾಗೆ ಮಿದುಳುಗಳೂ. ಈ ಮಾತು ಆಟಿಸಂಗೆ ಮಾತ್ರ ಸಲ್ಲುವುದಲ್ಲ. ಚಂಚಲ ಮಕ್ಕಳನ್ನು ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲಿ ವಿವರಿಸಿದ್ದು ನೈತಿಕ ಹಿಡಿತದ ಕೊರತೆ ಎಂದು. ಇಂದು ಅವರಲ್ಲಿ ಅನೇಕರನ್ನು ಎಡಿಎಚ್‌ಡಿ ಇರುವವರು ಎನ್ನುತ್ತೇವೆ. ಅಲ್ಲೂ ಮೊದಲು ಕಂಡದ್ದು ತಪ್ಪೇ, ಅಗತ್ಯವಲ್ಲ. 2012ರಲ್ಲಿ ಸ್ವತಃ ಆಟಿಸಂ ಇರುವ ಬ್ರಿಟಿಷ್ ವಿದ್ವಾಂಸ ಡೇಮಿಯನ್ ಮಿಲ್ಟನ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ಅವರಿಗೆ ನಾವು ಅರ್ಥವಾಗುವುದಿಲ್ಲ ಎನ್ನುತ್ತೀರಿ, ನಿಮಗೆ ಅವರು ಅರ್ಥವಾಗುತ್ತಾರೆಯೇ? ತೊಡಕು ಎರಡೂ ಕಡೆಯದು ಎಂಬುದು ಅವರ ವಾದ.

ಹಾಗೆಂದು ಎಲ್ಲವೂ ಬರೀ ವೈವಿಧ್ಯ, ಕಷ್ಟವೇ ಇಲ್ಲ ಎಂದರೆ ಅದೂ ಸುಳ್ಳು. ಮಾತೇ ಬಾರದ, ದಿನದ 24 ಗಂಟೆಯೂ ಒಬ್ಬರ ಆಸರೆ ಬೇಕಾದ ಮಕ್ಕಳಿದ್ದಾರೆ. ರಾತ್ರಿಯಿಡೀ ನಿದ್ದೆಗೆಟ್ಟು ಬೆಳಿಗ್ಗೆ ಕೆಲಸಕ್ಕೆ ಹೋಗುವ ತಾಯಂದಿರಿದ್ದಾರೆ. ಗೌರವ ಮತ್ತು ನೆರವು ಒಂದರ ಬದಲಿಗೆ ಇನ್ನೊಂದಲ್ಲ.

ನಮ್ಮಲ್ಲಿ ಕಾನೂನು ಈ ದಾರಿಯಲ್ಲಿ ಒಂದಷ್ಟು ದೂರ ಬಂದಿದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಎಂಬ ಪದವೇ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅದನ್ನು ಒಳಗೊಂಡಿತು. ತಂದೆತಾಯಿಯ ನಂತರ ಪಾಲಕರನ್ನು ನೇಮಿಸಲು ಜಿಲ್ಲಾಮಟ್ಟದ ಸಮಿತಿಯ ವ್ಯವಸ್ಥೆ ಮಾಡಿತು. 2016ರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಆಟಿಸಂ ಜೊತೆಗೆ ಕಲಿಕಾ ನ್ಯೂನತೆಯನ್ನೂ ಸೇರಿಸಿತು. ಸರಕಾರಿ ಹುದ್ದೆಗಳ ಮೀಸಲಾತಿಯಲ್ಲಿ ಇವರಿಗೂ ಪಾಲು ಬಂತು. 2018ರ ಕೇಂದ್ರದ ಮಾರ್ಗಸೂಚಿಯಂತೆ ನಿಗದಿತ ಪ್ರಮಾಣದ ಅಂಗವೈಕಲ್ಯ ಇರುವವರಿಗೆ ಲಿಖಿತ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಸಿಕ್ಕಿತು. ತಪಾಸಣೆಗೆ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಮೈಸೂರಿನಲ್ಲಿ 1965ರಲ್ಲೇ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಆದರೆ ಮನೆಯ ಪಡಸಾಲೆಯಲ್ಲಿ ನಾವಿನ್ನೂ 1949ರಲ್ಲೇ ಇದ್ದೇವೆ. ಮಗು ಮಾತಾಡುವುದು ತಡವಾದರೆ ಮೊದಲ ಮಾತು ತಾಯಿಯ ಮೇಲೆ. "ಗ್ರಹಣದ ದಿನ ಹೊರಗೆ ಬಂದಿದ್ಲಂತೆ." "ಕೆಲಸ ಕೆಲಸ ಅಂತ ಮಗೂನ ಮಾತಾಡಿಸೋರೇ ಇಲ್ಲ." ಈಚಿನದು, "ಮೊಬೈಲ್ ಕೊಟ್ಟು ಹಾಳು ಮಾಡಿದ್ಲು." ಅತಿಯಾದ ಮೊಬೈಲ್ ಯಾವ ಮಗುವಿಗೂ ಒಳ್ಳೆಯದಲ್ಲ, ಅದು ಬೇರೆ ವಿಷಯ. ಆದರೆ ಮೊಬೈಲ್ ಇರಲಿ, ಟಿ.ವಿ.ಯೂ ಇಲ್ಲದ ಮನೆಯಲ್ಲಿ ಡೊನಾಲ್ಡ್ 1930ರ ದಶಕದಲ್ಲೇ ಪಾತ್ರೆ ತಿರುಗಿಸುತ್ತ ಕುಳಿತಿದ್ದ. ರೆಫ್ರಿಜರೇಟರ್ ಹೋಗಿ ಮೊಬೈಲ್ ಬಂದಿದೆ, ಬೆರಳು ತೋರುವ ದಿಕ್ಕು ಮಾತ್ರ ಬದಲಾಗಿಲ್ಲ. ಈ ಆರೋಪದ ನಷ್ಟ ತಾಯಿಗಷ್ಟೇ ಅಲ್ಲ. ಬೈಗುಳಕ್ಕೆ ಹೆದರಿದವಳು ಮಗುವನ್ನು ಮದುವೆ ಮುಂಜಿಗೆ ಕರೆತರುವುದಿಲ್ಲ, ತಪಾಸಣೆಗೆ ಹೋಗುವುದನ್ನು ಮುಂದೂಡುತ್ತಾಳೆ. ಮಗುವಿಗೆ ನೆರವು ಬೇಕಾದ ಮೊದಲ ವರ್ಷಗಳು ಹರಕೆ, ನಾಚಿಕೆ, ಜಗಳಗಳಲ್ಲಿ ಕಳೆದುಹೋಗುತ್ತವೆ. ಇತ್ತ, ಚಿಕ್ಕಂದಿನಲ್ಲಿ ಯಾರೂ ಗುರುತಿಸದೆ ಬೆಳೆದವರು ಹೆಡ್ಡ, ಮೊದ್ದು, ಗರ್ವಿಷ್ಠ ಎಂಬ ಹೆಸರು ಹೊತ್ತೇ ಕಚೇರಿಗಳಲ್ಲಿ ದುಡಿಯುತ್ತಿದ್ದಾರೆ.

ನೆರವು ಎಂದರೆ ಬಹಳ ಸಲ ಸಣ್ಣ ಸಂಗತಿಗಳೇ. ತರಗತಿಯಲ್ಲಿ ಇಂದು ಯಾವುದರ ನಂತರ ಯಾವುದು ಎಂದು ಚಿತ್ರದಲ್ಲಿ ಬರೆದಿಟ್ಟ ವೇಳಾಪಟ್ಟಿ. ಗಂಟೆಯ ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಹುಡುಗಿಗೆ ಗಂಟೆಯಿಂದ ದೂರದ ಜಾಗ. ಕಚೇರಿಯಲ್ಲಿ, ಸೂಚನೆಯಿಂದಲೇ ಅರ್ಥಮಾಡಿಕೊಳ್ಳಲಿ ಎಂದು ಕಾಯದೆ, ಕೆಲಸ ಏನು, ಯಾವಾಗ ಮುಗಿಯಬೇಕು ಎಂದು ಬರೆದು ಕೊಡುವುದು. ಕಣ್ಣಿಗೆ ಕಣ್ಣಿಟ್ಟು ಮಾತಾಡದವರನ್ನು ಕಳ್ಳರೆಂದು ತಿಳಿಯದಿರುವುದು. ಬಸ್ಸುಗಳ ನಂಬರು ಬಿಟ್ಟು ಬೇರೆ ಮಾತೇ ಆಡದ ಹುಡುಗನಿಗೆ ಆ ನಂಬರುಗಳಿಂದಲೇ ಕೂಡುವ, ಕಳೆಯುವ ಲೆಕ್ಕ ಹೇಳಿಕೊಡುವುದು.

ಇಂಥ ಮಕ್ಕಳ ತಂದೆತಾಯಿ ಎಲ್ಲ ದೇಶಗಳಲ್ಲೂ ಕೇಳುವ ಪ್ರಶ್ನೆ ಒಂದೇ: ನಮ್ಮ ನಂತರ ಯಾರು? ಡೊನಾಲ್ಡ್ ಅವರ ತಂದೆತಾಯಿ ಮಗನಿಗಿಂತ ದಶಕಗಳ ಮೊದಲೇ ತೀರಿಕೊಂಡರು. ಹಣದ ವ್ಯವಸ್ಥೆಯನ್ನು ಅವರು ಮಾಡಿಟ್ಟಿದ್ದರು. ಉಳಿದದ್ದನ್ನು ಊರು ನೋಡಿಕೊಂಡಿತು. ಬ್ಯಾಂಕಿನಲ್ಲಿ ಒಂದು ಮೇಜು, ಬೆಳಗಿನ ಕಾಫಿಗೆ ಗೆಳೆಯರು, ಗಾಲ್ಫ್ ಮೈದಾನದಲ್ಲಿ ಜೊತೆಗಾರರು. ನಮ್ಮ ಕಾನೂನು ಪಾಲಕರನ್ನು ನೇಮಿಸಬಲ್ಲದು, ಪ್ರಮಾಣಪತ್ರ ಕೊಡಬಲ್ಲದು. ಕಾಫಿಗೆ ಕರೆಯುವ ಕೆಲಸ ಮಾತ್ರ ಬೀದಿಯವರದು, ನೆಂಟರದು, ಸಹೋದ್ಯೋಗಿಗಳದು.